ರೆಸಿನ್ ವಿಮಾನಶಾಸ್ತ್ರ: ಕಾಣದ ಸೀಟಿನ ಕುರಿತು ಒಂದು ಸಂಶೋಧನೆ

ಪೀಠಿಕೆ

ಕನ್ನಡಿಗರು ಶಾಸ್ತ್ರ ಬರೆಯದೆ ಬಿಟ್ಟ ವಿಷಯ ಕಡಿಮೆ. ನಾಗವರ್ಮ ಛಂದಸ್ಸಿಗೆ ಬರೆದ, ಕೀರ್ತಿವರ್ಮ ದನಕರುಗಳ ವೈದ್ಯಕ್ಕೆ ಬರೆದ, ಮೂರನೆಯ ಮಂಗರಸ ಅಡುಗೆಗೆ ಬರೆದ. ಆದರೆ ಬಾಲ್ಕನಿಯ ಮೂಲೆಯಲ್ಲಿ ಕೂತು, 1/72 ಅಳತೆಯ ಪ್ಲಾಸ್ಟಿಕ್ ವಿಮಾನಕ್ಕೆ ಉಗುರಿನಷ್ಟು ಎತ್ತರದ ಸೀಟೊಂದನ್ನು ರೆಸಿನ್‌ನಲ್ಲಿ ಎರಕ ಹೊಯ್ಯುವ ವಿದ್ಯೆಗೆ ಲಕ್ಷಣಗ್ರಂಥ ಬರೆಯುವ ಪುಣ್ಯ ಇವರಾರಿಗೂ ಒದಗಲಿಲ್ಲ. ಆ ಕೊರತೆಯನ್ನು ನೀಗಿಸಲು ಈ ಪ್ರಬಂಧ ಹೊರಟಿದೆ. ಯಾರೂ ಕೇಳಿರಲಿಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಸುಲಭ: ಉಳಿದ ಸಂಶೋಧನ ಪ್ರಬಂಧಗಳನ್ನೂ ಯಾರೂ ಕೇಳಿರಲಿಲ್ಲ.

ಶಾಸ್ತ್ರವೆಂದ ಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಬೇಕು. ಹೊಸ ಕಿಟ್ಟಿನ ಡಬ್ಬಿ ಬಿಚ್ಚಿದ ಕೂಡಲೇ ಸಂತೋಷಪಡುವವನು ಈ ವಿದ್ಯೆಗೆ ಅಧಿಕಾರಿಯಲ್ಲ. ಬಿಚ್ಚಿದ ಕೂಡಲೇ ‘ಸೀಟು ತಪ್ಪು, ಚಕ್ರ ಸಣ್ಣದಾಯಿತು’ ಎಂದು ಮುಖ ಸಿಂಡರಿಸುವವನೇ ಅಧಿಕಾರಿ. ವಿಷಯ, ಆ ತಪ್ಪು ಸೀಟಿನ ಬದಲು ಸರಿಯಾದ ಸೀಟು. ಸಂಬಂಧ, ಅವನಿಗೂ ಸೀಟಿಗೂ ಇರುವಂಥದ್ದು. ಮನೆಯ ಉಳಿದವರಿಗೆ ಅದರಲ್ಲಿ ಭಾಗವಿಲ್ಲ. ಪ್ರಯೋಜನವನ್ನು ಮುಂದೆ ಹೇಳಲಾಗುವುದು ಎಂದು ಬರೆದು ಕೊನೆಯವರೆಗೂ ತಳ್ಳುವುದು ಶಾಸ್ತ್ರಕಾರರ ರೂಢಿಯಾದ್ದರಿಂದ ನಾವೂ ಹಾಗೇ ಮಾಡುತ್ತೇವೆ.

ಕಾಲನಿರ್ಣಯ

ಯಾವ ವಿದ್ಯೆಯೇ ಆದರೂ ಅದು ನಮ್ಮಲ್ಲೇ ಮೊದಲು ಹುಟ್ಟಿತೆಂದು ಸಾಧಿಸದ ಹೊರತು ಪ್ರಬಂಧಕ್ಕೆ ಪದವಿ ಸಿಗುವುದಿಲ್ಲ. ಅದೃಷ್ಟಕ್ಕೆ ಆಧಾರ ಇದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವ ಕ್ರಮ ವಿವರವಾಗಿಯೇ ಇದೆ. ಮೊದಲು ಮೇಣದಲ್ಲಿ ವಿಗ್ರಹ ಮಾಡು, ಮೇಲೆ ಮಣ್ಣು ಮೆತ್ತು, ಒಣಗಿಸು, ಕಾಯಿಸಿ ಮೇಣವನ್ನು ಹರಿಸಿಬಿಡು, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಸುರಿ. ಬೆಳ್ಳಿಯಾದರೆ ಮೇಣದ ತೂಕದ ಹನ್ನೆರಡು ಪಟ್ಟು, ಬಂಗಾರವಾದರೆ ಹದಿನಾರು ಪಟ್ಟು ಎಂದು ಲೆಕ್ಕವನ್ನೂ ದೊರೆ ಕೊಟ್ಟಿದ್ದಾನೆ. ನಮ್ಮ ಪಾಲಿಯುರೆಥೇನ್ ರೆಸಿನ್‌ಗೆ ಎಷ್ಟು ಪಟ್ಟು ಎಂದು ಹೇಳಿಲ್ಲ. ಆ ಶ್ಲೋಕ ಗೆದ್ದಲು ತಿಂದುಹೋಗಿರಬೇಕೆಂದು ವಾದಿಸಲು ನಮಗೆ ಆಸೆಯಿದ್ದರೂ ಸಂಕೋಚ ತಡೆಯುತ್ತಿದೆ.

ದೊರೆಯ ಕ್ರಮಕ್ಕೂ ನಮ್ಮ ಕ್ರಮಕ್ಕೂ ಒಂದು ಭೇದವುಂಟು. ಅಲ್ಲಿ ಮೇಣದ ಮೂಲವೂ ಕರಗಿಹೋಗುತ್ತದೆ, ಮಣ್ಣಿನ ಅಚ್ಚೂ ಒಡೆದುಹೋಗುತ್ತದೆ. ಒಂದು ಅಚ್ಚಿಗೆ ಒಂದೇ ವಿಗ್ರಹ. ಇಲ್ಲಿ ಮೂಲವೂ ಉಳಿಯುತ್ತದೆ, ಅಚ್ಚೂ ಉಳಿಯುತ್ತದೆ, ಒಂದು ಬೇಕಿದ್ದ ಕಡೆ ಮೂವತ್ತು ಸೀಟು ಹುಟ್ಟುತ್ತವೆ. ಆ ಇಪ್ಪತ್ತೊಂಬತ್ತರ ಗತಿ ಏನು ಎಂಬ ಪ್ರಶ್ನೆ ಈ ಶಾಸ್ತ್ರದಲ್ಲಿ ಇನ್ನೂ ಚರ್ಚೆಯಲ್ಲಿದೆ.

ಎರಡನೆಯ ಪೂರ್ವಗ್ರಂಥ ಎಂದರೆ ವೈಮಾನಿಕ ಶಾಸ್ತ್ರ. 1918ರಿಂದ 1923ರ ನಡುವೆ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ಈ ಗ್ರಂಥವನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರೀಕ್ಷಿಸಿ, ಅದರಲ್ಲಿ ಹೇಳಿದ ವಿಮಾನಗಳು ಹಾರಲಾರವೆಂದು ತೀರ್ಪು ಕೊಟ್ಟರು. ಆ ಪರೀಕ್ಷೆಗೆ ನಮ್ಮ ಶಾಸ್ತ್ರ ಹೆದರಬೇಕಾಗಿಲ್ಲ. ನಮ್ಮ ವಿಮಾನ ಹಾರುತ್ತದೆಂದು ನಾವು ಎಲ್ಲೂ ಹೇಳಿಲ್ಲ. ಷೋಕೇಸಿನಿಂದ ಕೆಳಗೆ ಬಿದ್ದಾಗ ಅದು ಗಾಳಿಯಲ್ಲಿ ಇರುವ ಅರೆಕ್ಷಣವನ್ನು ಹಾರಾಟವೆಂದು ಎಣಿಸುವ ಪದ್ಧತಿಯೂ ನಮ್ಮಲ್ಲಿಲ್ಲ.

ಪ್ರಮಾಣ ಪ್ರಕರಣ

ತರ್ಕಶಾಸ್ತ್ರದಲ್ಲಿ ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾದವು ಪ್ರಮಾಣ. ಇಲ್ಲಿ ಮುಖ್ಯ ಪ್ರಮಾಣ ಮೂರು: 1/72, 1/48, 1/32. ಇವುಗಳಲ್ಲಿ 1/72 ಎಂದರೆ ಆರಡಿ ಮನುಷ್ಯ ಒಂದಿಂಚು ಆಗುವುದು. 1930ರ ದಶಕದಲ್ಲಿ ಇಂಗ್ಲೆಂಡಿನ ಸ್ಕೈಬರ್ಡ್ಸ್, ಫ್ರಾಗ್ ಕಂಪನಿಗಳು ಹಿಡಿದ ಈ ಅಳತೆಯನ್ನು ಮುಂದೆ ಏರ್‌ಫಿಕ್ಸ್ ಮನೆಮನೆಗೆ ಮುಟ್ಟಿಸಿತು.

ಉದಾಹರಣೆಗೆ ನಮ್ಮದೇ ವಿಮಾನ ತೆಗೆದುಕೊಳ್ಳೋಣ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲು ಹಾರಿದ ಎಚ್‌ಎಫ್-24 ಮರುತ್. ಉದ್ದ ಸುಮಾರು 15.9 ಮೀಟರ್, 1/72ರಲ್ಲಿ 22 ಸೆಂಟಿಮೀಟರ್. ಸ್ಪಿಟ್‌ಫೈರ್, ಮೆಸ್ಸರ್‌ಶ್ಮಿಟ್‌ಗಳಿಗೆ ಸಾಲುಸಾಲು ಕಿಟ್ ಹೊರಡಿಸುವ ದೊಡ್ಡ ಕಂಪನಿಗಳಿಗೆ ಬೆಂಗಳೂರಿನ ಕೂಸಿನ ಮೇಲೆ ಅಷ್ಟು ಮಮತೆಯಿಲ್ಲ. ಕಾರಣ ದ್ವೇಷವಲ್ಲ, ಖರ್ಚು. ಪ್ಲಾಸ್ಟಿಕ್ ಕಿಟ್ಟಿಗೆ ಉಕ್ಕಿನ ಅಚ್ಚು ಕೊರೆಯಬೇಕು. ಸಾವಿರಗಟ್ಟಲೆ ಮಾರಿದರೆ ಮಾತ್ರ ಅದರ ದುಡ್ಡು ಹುಟ್ಟುತ್ತದೆ. ಸಿಲಿಕೋನ್ ರಬ್ಬರಿನ ಅಚ್ಚನ್ನು ಮನೆಯ ಮೇಜಿನ ಮೇಲೆ ಒಂದು ರಾತ್ರಿಯಲ್ಲಿ ಮಾಡಬಹುದು. ಇನ್ನೊಂದು ಅನುಕೂಲವೂ ಉಂಟು. ಉಕ್ಕು ಬಗ್ಗುವುದಿಲ್ಲ, ಒಳಕ್ಕೆ ಕೊರೆದ ಆಕಾರವಿದ್ದರೆ ಭಾಗ ಅಚ್ಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ರಬ್ಬರು ಬಗ್ಗಿ ದಾರಿ ಬಿಡುತ್ತದೆ. ಆದ್ದರಿಂದಲೇ ಕಿಟ್ಟಿನ ಸೀಟು ಬೋಳು ಹಲಗೆಯಂತಿದ್ದರೆ, ರೆಸಿನ್ ಸೀಟಿಗೆ ದಿಂಬಿನ ಸುಕ್ಕು, ಬೆಲ್ಟಿನ ಮಡಿಕೆ, ಬಕಲಿನ ಕೊಕ್ಕೆ ಎಲ್ಲವೂ ಬರುತ್ತದೆ.

ಈ ಪ್ರಮಾಣದಿಂದ ಹುಟ್ಟುವ ದುಃಖವನ್ನೂ ಗಣಿತದಿಂದ ತೋರಿಸಬಹುದು. ಎರಕದ ಅಂಚಿನಲ್ಲಿ ಹತ್ತನೇ ಒಂದು ಮಿಲಿಮೀಟರ್ ಪೊರೆ ಉಳಿದರೆ ಅದು ನಿಜವಾದ ವಿಮಾನದಲ್ಲಿ ಏಳು ಮಿಲಿಮೀಟರ್ ದಪ್ಪದ ತಗಡು. ಮೂತಿಯ ಮೇಲೆ ಅರ್ಧ ಮಿಲಿಮೀಟರ್ ಗುಳ್ಳೆ ಬಿದ್ದರೆ ಅದು ಮೂರೂವರೆ ಸೆಂಟಿಮೀಟರ್ ಗುಂಡಿ. ಇಂಥ ಗುಂಡಿಯಿದ್ದ ವಿಮಾನವನ್ನು ವಾಯುಪಡೆ ಹಾರಲು ಬಿಡುವುದಿಲ್ಲ. ಹಾಗಿರುವಾಗ ಷೋಕೇಸಿನಲ್ಲಿ ನಿಲ್ಲಲು ಬಿಡುವುದು ಹೇಗೆ?

ಮೂಲ ಪ್ರಕರಣ

ಸೂತ್ರ: ಮುಚ್ಚಿದ ಮೇಲೆ ಕಾಣದ್ದನ್ನೇ ಮೊದಲು ಮಾಡತಕ್ಕದ್ದು.

ವ್ಯಾಖ್ಯಾನ: ರೆಕ್ಕೆ ಕಾಣುತ್ತದೆ, ಬಣ್ಣ ಕಾಣುತ್ತದೆ, ಅವುಗಳ ಕಡೆಗೆ ಯಾರು ಬೇಕಾದರೂ ಗಮನ ಕೊಡುತ್ತಾರೆ. ಮುಚ್ಚಿದ ಕಾಕ್‌ಪಿಟ್ಟಿನೊಳಗಿನ ಮಾರ್ಟಿನ್-ಬೇಕರ್ ಕಂಪನಿಯ ಸೀಟಿಗೆ ಗಮನ ಕೊಡುವವನೇ ನಿಷ್ಕಾಮಿ. ಅವನು ಪ್ಲಾಸ್ಟಿಕ್ ಹಾಳೆಯನ್ನು ಬ್ಲೇಡಿನಲ್ಲಿ ಸೀಳಿ ಬೆನ್ನಹಲಗೆ ನಿಲ್ಲಿಸುತ್ತಾನೆ. ಕಿಟ್ಟಿನ ಉಳಿದ ಚೌಕಟ್ಟಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು ಕೂದಲಿನಷ್ಟು ತೆಳ್ಳಗೆ ಎಳೆದು ಪೈಪು ಮಾಡುತ್ತಾನೆ. ಸಿಗರೇಟು ಪ್ಯಾಕಿನ ಬೇಗಡೆಯಿಂದ ಬೆಲ್ಟು ಕತ್ತರಿಸಿ ಹೆಗಲ ಮೇಲಿಂದ ಇಳಿಬಿಡುತ್ತಾನೆ. ಮೇಲೆ ಪ್ರೈಮರ್ ಹೊಡೆಯುತ್ತಾನೆ, ಏಕೆಂದರೆ ಬೂದುಬಣ್ಣ ಬಿದ್ದ ಮೇಲೆಯೇ ಗೀರು ಕಣ್ಣಿಗೆ ಬೀಳುವುದು. ಸಿಲಿಕೋನಿಗೆ ದಾಕ್ಷಿಣ್ಯವಿಲ್ಲ. ಮೂಲದ ಮೇಲೆ ಬೆರಳಗುರುತು ಉಳಿದಿದ್ದರೆ ಅದನ್ನೂ ಯಥಾವತ್ತಾಗಿ ಎತ್ತಿಕೊಳ್ಳುತ್ತದೆ. ಆಗ ಸೀಟಿನ ಬೆನ್ನಿಗೆ ನೂರಾರು ಅಡಿ ಎತ್ತರದ ರಾಕ್ಷಸನೊಬ್ಬನ ಹೆಬ್ಬೆಟ್ಟು ಒತ್ತಿದಂತೆ ಕಾಣುತ್ತದೆ.

ಅಚ್ಚು ಪ್ರಕರಣ: ಎರಡು ಪಂಥಗಳು

ಅಚ್ಚು ಮಾಡುವ ಸಿಲಿಕೋನಿನ ವಿಷಯದಲ್ಲಿ ಆಚಾರ್ಯರು ಎರಡಾಗಿ ಒಡೆದಿದ್ದಾರೆ. ಒಂದು ತವರ ಪಂಥ. ಇದರ ಗಟ್ಟಿಕಾರಕದಲ್ಲಿ ತವರದ ಸಂಯುಕ್ತ ಇರುತ್ತದೆ. ಬೆಲೆ ಕಡಿಮೆ, ಆಚಾರ ಸಡಿಲ, ಎಲ್ಲರನ್ನೂ ಸೇರಿಸಿಕೊಳ್ಳುತ್ತದೆ. ಆದರೆ ಗಟ್ಟಿಯಾಗುತ್ತಾ ತುಸು ಕುಗ್ಗುತ್ತದೆ, ಕೆಲವು ವರ್ಷಗಳಲ್ಲಿ ಅಚ್ಚು ಹರಿದುಹೋಗುತ್ತದೆ. ಇನ್ನೊಂದು ಪ್ಲಾಟಿನಂ ಪಂಥ. ಕುಗ್ಗುವುದು ತೀರ ಅಲ್ಪ, ಬಾಳಿಕೆ ಹೆಚ್ಚು, ಬೆಲೆ ದುಬಾರಿ. ಮಡಿ ಮಾತ್ರ ಅಸಾಧ್ಯ. ಗಂಧಕವಿರುವ ಜೇಡಿಮಣ್ಣು ತಾಗಿದರೆ ಮೈಲಿಗೆ. ಲೇಟೆಕ್ಸ್ ಕೈಗವಸು ತಾಗಿದರೆ ಮೈಲಿಗೆ. ತವರ ಪಂಥದವರು ಬಳಸಿದ ಪಾತ್ರೆ, ಕಡ್ಡಿ ಸೋಕಿದರಂತೂ ಕೆಟ್ಟ ಮೈಲಿಗೆ. ಮೈಲಿಗೆಯಾದ ಜಾಗ ಎಷ್ಟು ದಿನ ಕಾದರೂ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ. ಇದಕ್ಕೆ ಪಂಚಗವ್ಯದಿಂದ ಪರಿಹಾರವಿಲ್ಲ. ಗಂಧಕವಿಲ್ಲದ ಜೇಡಿ, ನೈಟ್ರೈಲ್ ಕೈಗವಸು, ಹೊಸ ಪಾತ್ರೆ, ಇಷ್ಟೇ ಪರಿಹಾರ. ರಸಾಯನಶಾಸ್ತ್ರದಲ್ಲಿ ಪ್ರಯೋಗದಿಂದ ಸಾಬೀತಾದ ಮಡಿ ಬಹುಶಃ ಇದೊಂದೇ.

ಎರಡು ಪಂಥಗಳಿಗೂ ಸಮಾನವಾದ ಗುಣವೊಂದಿದೆ. ಗಟ್ಟಿಯಾದ ಸಿಲಿಕೋನ್ ಪ್ಲಾಸ್ಟಿಕ್ಕಿಗೆ ಅಂಟುವುದಿಲ್ಲ, ಮರಕ್ಕೆ ಅಂಟುವುದಿಲ್ಲ, ಮನುಷ್ಯರಿಗೂ ಅಂಟುವುದಿಲ್ಲ; ಸ್ವಜಾತಿಗೆ ಮಾತ್ರ ಬಿಡಿಸಲಾರದಂತೆ ಅಂಟಿಕೊಳ್ಳುತ್ತದೆ. ಎರಡು ಹೋಳಿನ ಅಚ್ಚು ಮಾಡುವವರು ಮೊದಲ ಹೋಳಿನ ಮೇಲೆ ವ್ಯಾಸಲೀನ್ ಸವರದೆ ಎರಡನೆಯದನ್ನು ಸುರಿದರೆ, ಒಳಗೆ ಸೀಟು ಸಮೇತ ಒಂದೇ ರಬ್ಬರು ಇಟ್ಟಿಗೆ ಸಿದ್ಧವಾಗುತ್ತದೆ. ಜಾತಿಸಂಘಗಳ ಸಭೆಗೆ ಹೋಗಿಬಂದವರಿಗೆ ಇದು ಹೊಸ ವಿಷಯವಲ್ಲ.

ವಿಧಿ ಹೀಗೆ. ಮಗುವಿನ ಲೆಗೋ ಇಟ್ಟಿಗೆ ಜೋಡಿಸಿ ಪೆಟ್ಟಿಗೆ ಕಟ್ಟು. ಮಗು ಶಾಲೆಗೆ ಹೋದ ಹೊತ್ತಿನಲ್ಲಿ ಕಟ್ಟುವುದು ಶಿಷ್ಟಾಚಾರ. ಮೂಲವನ್ನು ಅರ್ಧದವರೆಗೆ ಜೇಡಿಯಲ್ಲಿ ಹೂತು, ಸುತ್ತ ನಾಲ್ಕು ಕಡೆ ಕುಳಿ ಒತ್ತು. ಮುಂದೆ ಎರಡು ಹೋಳು ಜಾರದೆ ಕೂರಲು ಇವೇ ಕೀಲು. ಸಿಲಿಕೋನನ್ನು ಮೂಲದ ಮೇಲೆ ನೇರ ಸುರಿಯಬೇಡ. ಪೆಟ್ಟಿಗೆಯ ಒಂದು ಮೂಲೆಗೆ, ಒಂದಡಿ ಎತ್ತರದಿಂದ, ನೂಲಿನಂಥ ಧಾರೆಯಾಗಿ ಇಳಿಬಿಡು. ಧಾರೆ ತೆಳುವಾದಷ್ಟೂ ಒಳಗಿನ ಗುಳ್ಳೆ ದಾರಿಯಲ್ಲೇ ಒಡೆಯುತ್ತದೆ. ರೆಸಿನ್ ಒಳಹೋಗಲು ಒಂದು ಬಾಯಿ, ಗಾಳಿ ಹೊರಬರಲು ಅತಿ ಎತ್ತರದ ಜಾಗದಲ್ಲಿ ಇನ್ನೊಂದು ಕಿಂಡಿ ಬಿಡು. ಬರುವವರಿಗೆ ಬಾಗಿಲಿಟ್ಟು ಹೋಗುವವರಿಗೆ ಇಡದ ಅಚ್ಚಿನಲ್ಲಿ ಸೀಟಿನ ತಲೆ ಹುಟ್ಟುವುದಿಲ್ಲ.

ಎರಕ ಪ್ರಕರಣ

ರೆಸಿನ್ ಎರಡು ಬಾಟಲಿಗಳಲ್ಲಿ ಬರುತ್ತದೆ; ಒಂದರ ಮೇಲೆ ‘ಎ’, ಇನ್ನೊಂದರ ಮೇಲೆ ‘ಬಿ’. ಒಂದರಲ್ಲಿ ಐಸೋಸಯನೇಟ್, ಇನ್ನೊಂದರಲ್ಲಿ ಪಾಲಿಯಾಲ್. ಬೇರೆಬೇರೆ ಇದ್ದಾಗ ನೋಡಲು ಎರಡೂ ಸಾಧುಗಳು. ಕೂಡಿದ ಕೂಡಲೇ ಬಿಸಿಯಾಗಿ, ಎರಡು-ಮೂರು ನಿಮಿಷದಲ್ಲಿ ಗಟ್ಟಿಯಾಗತೊಡಗುತ್ತವೆ. ಸಮಪಾಲು ಎಂದು ಲೇಬಲ್ಲು ಹೇಳಿದರೆ ಅಳತೆಯಿಂದಲೋ ತೂಕದಿಂದಲೋ ಎಂದು ಮತ್ತೊಮ್ಮೆ ಓದು. ಇವೆರಡೂ ಒಂದೇ ಎಂದು ತಿಳಿದವನ ಸೀಟು ವಾರವಾದರೂ ಜೆಲ್ಲಿಯಾಗಿಯೇ ಇರುತ್ತದೆ.

ಈ ಎರಡು-ಮೂರು ನಿಮಿಷವೇ ಶಾಸ್ತ್ರದ ಮರ್ಮಸ್ಥಾನ. ಆ ಹೊತ್ತಿನಲ್ಲೇ ಕುಕ್ಕರಿನ ಮೂರನೆಯ ವಿಶಲ್ ಕೂಗುತ್ತದೆ. ಆ ಹೊತ್ತಿನಲ್ಲೇ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ‘ಸಾರ್, ಓಟಿಪಿ ಹೇಳಿ’ ಎನ್ನುತ್ತಾನೆ. ಆ ಹೊತ್ತಿನಲ್ಲೇ ಊರಿಂದ ಅತ್ತೆ ಫೋನ್ ಮಾಡಿ, ‘ಏನ್ ಮಾಡ್ತಿದೀರಿ ಅಳಿಯಂದ್ರೆ?’ ಎಂದು ಕೇಳುತ್ತಾರೆ. ‘ಸೀಟು ಹೊಯ್ತಾ ಇದೀನಿ’ ಎಂಬ ಸತ್ಯವಾದ ಉತ್ತರದಿಂದ ಸಂಬಂಧ ಸುಧಾರಿಸಿದ ನಿದರ್ಶನ ಗ್ರಂಥಗಳಲ್ಲಿ ಇಲ್ಲ. ಲೋಟದ ಬದಿ, ತಳ ಎರಡನ್ನೂ ಕೆರೆದು ಮೂವತ್ತು ಸೆಕೆಂಡು ಕಲಸಿ, ಸುಮ್ಮನೆ ಸುರಿಯುವುದೇ ಧರ್ಮ; ಉಳಿದದ್ದೆಲ್ಲ ಆಮೇಲೆ.

ಇಲ್ಲೊಂದು ವೈಚಿತ್ರ್ಯವನ್ನು ಗಮನಿಸಬೇಕು. ರೆಸಿನ್ ತನ್ನ ಶಾಖದಿಂದಲೇ ಗಟ್ಟಿಯಾಗುವುದರಿಂದ, ಲೋಟದಲ್ಲಿ ಉಳಿದ ದಪ್ಪ ಗಟ್ಟಿ ಮೊದಲು ಕಲ್ಲಾಗುತ್ತದೆ; ಅಚ್ಚಿನಲ್ಲಿರುವ ತೆಳ್ಳನೆಯ ಆಂಟೆನಾ ಮೆತ್ತಗೇ ಇರುತ್ತದೆ. ಲೋಟ ಮುಟ್ಟಿ ನೋಡಿ ಅಚ್ಚು ಬಿಚ್ಚಿದವರ ಆಂಟೆನಾ ಸೊಟ್ಟಗಾಗುತ್ತದೆ. ಅಚ್ಚನ್ನು ಮೊದಲೇ ಸ್ವಲ್ಪ ಬೆಚ್ಚಗೆ ಮಾಡಿಟ್ಟು, ಅರ್ಧ ಗಂಟೆ ಅದರ ಕಡೆ ತಿರುಗಿ ನೋಡದಿರುವವನೇ ಸ್ಥಿತಪ್ರಜ್ಞ.

ದೋಷ ಪ್ರಕರಣ

ದೋಷಗಳಲ್ಲಿ ಗುಳ್ಳೆಯೇ ಪ್ರಧಾನ. ಗುಳ್ಳೆಗೆ ಮೂರು ಮೂಲ. ಕಲಸುವಾಗ ಸೇರಿದ ಗಾಳಿ ಒಂದು. ಅಚ್ಚಿನ ಮೂಲೆಯಲ್ಲಿ ಸಿಕ್ಕಿಕೊಂಡ ಗಾಳಿ ಎರಡು. ಇದಕ್ಕೆ ಒಳಗೆ ಟಾಲ್ಕಂ ಪೌಡರ್ ಉದುರಿಸಿ ಕೊಡವುವುದು, ಟೂತ್‌ಪಿಕ್ಕಿನಿಂದ ಮೂಲೆ ಕೆದಕುವುದು ಪರಿಹಾರ. ಮೂರನೆಯದು ತೇವ. ಐಸೋಸಯನೇಟ್‌ಗೆ ನೀರು ಸೋಕಿದರೆ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ. ಆಷಾಢದಲ್ಲಿ ಬಾಟಲಿಯ ಮುಚ್ಚಳ ಸಡಿಲ ಬಿಟ್ಟವನಿಗೆ ಶ್ರಾವಣದಲ್ಲಿ ಸೀಟಿನ ಬದಲು ಸ್ಪಂಜು ಸಿಗುತ್ತದೆ.

ಸಿಲಿಕೋನಿನೊಳಗಿನ ಗಾಳಿ ತೆಗೆಯಲು ಶ್ರೀಮಂತ ಸಾಧಕರು ನಿರ್ವಾತ ಡಬ್ಬಿ ಬಳಸುತ್ತಾರೆ. ಪಂಪ್ ಚಾಲೂ ಮಾಡಿದರೆ ಸಿಲಿಕೋನ್ ರಾತ್ರಿ ಹುದುಗಿದ ದೋಸೆ ಹಿಟ್ಟಿನಂತೆ ಹಲವು ಪಟ್ಟು ಉಬ್ಬಿ, ಆಮೇಲೆ ಧೊಪ್ಪನೆ ಕುಸಿಯುತ್ತದೆ. ಆದ್ದರಿಂದ ಪಾತ್ರೆಯ ಕಾಲುಭಾಗ ಮಾತ್ರ ತುಂಬಬೇಕು. ಇಲ್ಲಿ ದೇಶಭೇದದಿಂದ ಒಂದು ಸೂಕ್ಷ್ಮ ಸಮಸ್ಯೆ ಹುಟ್ಟುತ್ತದೆ. ಗೇಜಿನ ಮುಳ್ಳು 29 ಇಂಚು ಪಾದರಸ ತೋರಬೇಕೆಂದು ಪರದೇಶದ ಸೂಚನಾಪತ್ರ ಹೇಳುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಇಡೀ ವಾತಾವರಣದ ಒತ್ತಡವೇ ಸುಮಾರು 27 ಇಂಚು. ಇಲ್ಲದ ಗಾಳಿಯನ್ನು ತೆಗೆಯಲು ಯಾವ ಪಂಪಿಗೂ ಸಾಧ್ಯವಿಲ್ಲ. ಮಂಗಳೂರಿನವರು ಮಾತ್ರ ಸಲೀಸಾಗಿ 29 ಮುಟ್ಟಿ ಬೀಗಬಹುದು. ಆದರೆ ಕರಾವಳಿಯ ತೇವಕ್ಕೆ ಅವರ ಐಸೋಸಯನೇಟ್ ಬಾಟಲಿ ಬೇಗ ಕೆಡುತ್ತದೆ. ಘಟ್ಟದ ಮೇಲಿನವರಿಗೆ ಮುಳ್ಳಿನ ಅವಮಾನ, ಕೆಳಗಿನವರಿಗೆ ಬಾಟಲಿಯ ನಷ್ಟ. ಒಳಗೆ ಉಳಿದ ಗಾಳಿ ಎಷ್ಟು ಎಂಬುದಷ್ಟೇ ಮುಖ್ಯ, ಮುಳ್ಳು ಎಷ್ಟು ತೋರಿತು ಎಂಬುದಲ್ಲ ಎಂದು ಅರಿತರೆ ಬೆಂಗಳೂರಿನವರಿಗೂ ಮುಕ್ತಿಯುಂಟು.

ರೆಸಿನ್‌ಗೆ ಇದಕ್ಕೆ ವಿರುದ್ಧವಾದ ಮಾರ್ಗ. ಗುಳ್ಳೆಯನ್ನು ಹೊರಗೆಳೆಯುವ ಬದಲು, ಒತ್ತಡದ ಪಾತ್ರೆಯಲ್ಲಿ 40 ಪಿಎಸ್‌ಐ ಗಾಳಿ ತುಂಬಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹಿಚುಕುವುದು. ಆಗ ಅಚ್ಚಿನ ರಬ್ಬರಿನಲ್ಲಿ ಅಡಗಿದ್ದ ಹಳೆಯ ಗುಳ್ಳೆಗಳೂ ಕುಸಿದು, ಎರಕದ ಮುಖದಲ್ಲಿ ಮೊಡವೆ ಏಳುವುದುಂಟು. ಹಳೆಯ ಪಾಪ ಹೊಸ ಜನ್ಮಕ್ಕೆ ಅಂಟುವುದೆಂಬ ಕರ್ಮಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ಬೇಡ. ಅಡುಗೆಮನೆಯ ಕುಕ್ಕರನ್ನೇ ಇದಕ್ಕೆ ಬಳಸಬಹುದೆಂದು ಕೆಲವು ಏಕದೇಶಿಗಳು ಹೇಳುತ್ತಾರೆ. ಕುಕ್ಕರ್ ತಡೆಯಲೆಂದು ಮಾಡಿದ್ದು ಸುಮಾರು 15 ಪಿಎಸ್‌ಐಗೆ. ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು ಗಾಳಿ ತುಂಬಿದವನು ಈ ಪ್ರಬಂಧದ ಮುಂದಿನ ಭಾಗ ಓದಲು ಉಳಿಯದಿರಬಹುದು. ಈ ಮತ ತ್ಯಾಜ್ಯ.

ಪಾಠಾಂತರ ಪ್ರಕರಣ

ಗ್ರಂಥಸಂಪಾದನೆ ಬಲ್ಲವರಿಗೆ ಎರಕದ ಸಮಸ್ಯೆ ತಟ್ಟನೆ ಅರ್ಥವಾಗುತ್ತದೆ. ಓಲೆಗರಿ ನೋಡಿ ಓಲೆಗರಿ ಬರೆದಂತೆ, ಎರಕ ನೋಡಿ ಎರಕ ಹೊಯ್ದರೆ ತಪ್ಪು ಪೀಳಿಗೆಯಿಂದ ಪೀಳಿಗೆಗೆ ಬೆಳೆಯುತ್ತದೆ. ಅಚ್ಚು ನೂರಕ್ಕೆ 0.3ರಷ್ಟು ಕುಗ್ಗಿತೆನ್ನಿ. 22 ಸೆಂಟಿಮೀಟರ್ ಮರುತ್ ಮುಕ್ಕಾಲು ಮಿಲಿಮೀಟರಿಗೂ ಕಡಿಮೆ ಕಳೆದುಕೊಳ್ಳುತ್ತದೆ. ಆದರೆ ನಿಜದ ಲೆಕ್ಕದಲ್ಲಿ ಅದು ಸುಮಾರು ನಾಲ್ಕು ಮುಕ್ಕಾಲು ಸೆಂಟಿಮೀಟರ್. ಆ ಎರಕವನ್ನೇ ಮೂಲವಾಗಿಟ್ಟು ಮರಿ, ಮರಿಯಿಂದ ಮರಿಮರಿ ತೆಗೆದರೆ ಮೂರನೆಯ ತಲೆಮಾರಿಗೆ ವಿಮಾನ ಹದಿನಾಲ್ಕು ಸೆಂಟಿಮೀಟರ್ ಮೋಟಾಗುತ್ತದೆ. ಲಿಪಿಕಾರನ ದೋಷವನ್ನು ಸಂಪಾದಕ ಅಡಿಟಿಪ್ಪಣಿಯಲ್ಲಿ ಮುಚ್ಚಬಹುದು, ಮೋಟಾದ ಮರುತ್‌ಗೆ ಅಡಿಟಿಪ್ಪಣಿ ಹಾಕಲು ಜಾಗವಿಲ್ಲ.

ಇಲ್ಲೇ ಕೃತಿಚೌರ್ಯದ ಮಾತೂ ಬರುತ್ತದೆ. ಬೇರೊಬ್ಬನು ರಾತ್ರಿಗಳನ್ನು ಸವೆಸಿ ಕೆತ್ತಿದ ಸೀಟನ್ನು ಕೊಂಡು, ಅದಕ್ಕೇ ಅಚ್ಚು ತೆಗೆದು, ಪ್ರತಿಗಳನ್ನು ಮಾರುವವರಿದ್ದಾರೆ. ರೆಸಿನ್ ಭಾಗಗಳ ವ್ಯಾಪಾರ ಹೆಚ್ಚಾಗಿ ಒಬ್ಬಿಬ್ಬರ ಮನೆಗೆಲಸ. ಮೂವತ್ತು ಕಳ್ಳಪ್ರತಿ ಹೊರಟರೆ ಆ ಮನುಷ್ಯ ಮುಂದಿನ ವಿಮಾನದ ಆಸೆ ಬಿಡುತ್ತಾನೆ. ಇಂಥವರ ಎರಕದಲ್ಲಿ ಗುಳ್ಳೆ ಏಳಲಿ ಎಂದು ಶಪಿಸಲು ಶಾಸ್ತ್ರದಲ್ಲಿ ಅನುಮತಿಯಿದೆ. ತಾನೇ ಮಾಡಿದ್ದಕ್ಕೆ ತಾನೇ ಅಚ್ಚು ತೆಗೆಯುವುದೇ ಋಜುಮಾರ್ಗ.

ಪೂರ್ವಪಕ್ಷ, ಸಿದ್ಧಾಂತ

ಗೃಹಪಕ್ಷದವರು ಹೀಗೆ ಆಕ್ಷೇಪಿಸುತ್ತಾರೆ: ‘ರೀ, ಇಷ್ಟು ದುಡ್ಡಲ್ಲಿ ರೆಡಿಮೇಡ್ ಸೀಟು ಹತ್ತು ಬರ್ತಿತ್ತಲ್ಲ?’ ಉತ್ತರ: ಬರುತ್ತಿತ್ತು. ಆದರೆ ರೆಡಿಮೇಡ್ ಸೀಟಿನಲ್ಲಿ ತಪ್ಪು ಕಂಡರೆ ಮತ್ತೊಬ್ಬರನ್ನು ಬೈಯಬೇಕಾಗುತ್ತದೆ. ಸಜ್ಜನರು ಪರನಿಂದೆಗಿಂತ ಆತ್ಮನಿಂದೆಯನ್ನೇ ಮೆಚ್ಚುತ್ತಾರೆ.

ನವ್ಯಪಂಥದವರು ಹೇಳುತ್ತಾರೆ: ‘ಈಗ ತ್ರೀಡಿ ಪ್ರಿಂಟರ್ ಇದೆ. ಕಂಪ್ಯೂಟರಿನಲ್ಲಿ ಬರೆದು ಗುಂಡಿ ಒತ್ತಿದರೆ ಸೀಟು ಬೀಳುತ್ತೆ.’ ಉತ್ತರ: ಬೀಳುತ್ತದೆ, ಒಳ್ಳೆಯದೇ ಬೀಳುತ್ತದೆ. ಆದರೆ ಸೀಟಿನ ಬೆನ್ನಿನ ಪದರಗೆರೆ ಉಜ್ಜುವ ಕೆಲಸ ಅವರಿಗೂ ತಪ್ಪಿಲ್ಲ. ಮೇಲಾಗಿ ಪ್ರಿಂಟಿನಲ್ಲಿ ತೆಗೆದ ಮೂಲಕ್ಕೆ ಸಿಲಿಕೋನ್ ಅಚ್ಚು ಮಾಡಿ ಎರಕ ಹೊಯ್ಯುವವರೇ ಅವರಲ್ಲೂ ಹಲವರಿದ್ದಾರೆ. ಗುರುದ್ರೋಹ ಸಂಪೂರ್ಣವಾಗಿಲ್ಲ.

ಮಗಳು ಕೇಳುತ್ತಾಳೆ: ‘ಅಪ್ಪ, ಇದು ಹಾರತ್ತಾ?’ ಇದಕ್ಕೆ ಉತ್ತರ ಕಾಲನಿರ್ಣಯದಲ್ಲಿ ಕೊಟ್ಟಾಗಿದೆ. ಅವಳ ಎರಡನೆಯ ಪ್ರಶ್ನೆಯೇ ಕಷ್ಟದ್ದು: ‘ಮತ್ತೆ ಸೀಟು ಎಲ್ಲಪ್ಪ? ಕಾಣಿಸ್ತಾನೇ ಇಲ್ಲ!’ ಇದೇ ಪ್ರಬಲವಾದ ಪೂರ್ವಪಕ್ಷ. ಗಾಜು ಮುಚ್ಚಿ, ಬಣ್ಣ ಹೊಡೆದು ಮುಗಿಸಿದ ಮೇಲೆ ಬೆಲ್ಟು, ಬಕಲು, ಸುಕ್ಕು ಯಾವುದೂ ಕಾಣುವುದಿಲ್ಲ. ಕತ್ತಲೆಯಲ್ಲಿ ಒಂದು ಕಪ್ಪು ಚುಕ್ಕೆ ಇದೆ ಎಂಬಷ್ಟೇ ಕಾಣುತ್ತದೆ.

ಸಿದ್ಧಾಂತ: ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಜವಾದ ಮರುತ್ ನಿಂತಿದೆ. ಹೋಗಿ ಅದರ ಕೆಳಗೆ ನಿಂತು ನೋಡಿ. ಚೂಪು ಮೂತಿ ಕಾಣುತ್ತದೆ, ಹಿಂದಕ್ಕೆ ಬಾಗಿದ ರೆಕ್ಕೆ ಕಾಣುತ್ತದೆ, ಎರಡು ಎಂಜಿನ್ನಿನ ಗಾಳಿಬಾಯಿ ಕಾಣುತ್ತದೆ. ನೆಲದ ಮೇಲೆ ನಿಂತವರಿಗೆ ಸೀಟು ಕಾಣುವುದಿಲ್ಲ. ಮೂಲದಲ್ಲಿ ಕಾಣದ್ದು ಪ್ರತಿಯಲ್ಲೂ ಕಾಣದಿದ್ದರೆ ಅದು ದೋಷವಲ್ಲ, ನಿಖರತೆಯ ಪರಾಕಾಷ್ಠೆ. ಸೀಟನ್ನೇ ಇಡದೆ ಮುಚ್ಚಿದರೂ ಹೀಗೇ ಕಾಣುತ್ತಿತ್ತಲ್ಲ ಎಂಬ ಕುತರ್ಕಕ್ಕೆ ವಿದ್ವಾಂಸರು ಉತ್ತರಿಸುವ ಪದ್ಧತಿಯಿಲ್ಲ.

ಫಲಶ್ರುತಿ

ಇದನ್ನು ಓದಿದವನಿಗೆ ಗುಳ್ಳೆಭಯ ನಿವಾರಣೆಯಾಗುವುದು. ನಿತ್ಯ ಪಠಿಸಿದವನ ಅಚ್ಚು ಕೆಲವು ಡಜನ್ ಎರಕದವರೆಗೆ ಹರಿಯದೆ ಬಾಳುವುದು. ಇನ್ನೊಬ್ಬರಿಗೆ ಓದಿ ಹೇಳಿದವನಿಗೆ ಉಳಿದ ಇಪ್ಪತ್ತೊಂಬತ್ತು ಸೀಟುಗಳಲ್ಲಿ ಒಂದನ್ನು ದಾನ ಮಾಡುವ ಅವಕಾಶ ದೊರೆಯುವುದು. ಮುಂದೆ ಹೇಳುವುದಾಗಿ ಒಪ್ಪಿಕೊಂಡಿದ್ದ ಪ್ರಯೋಜನವೂ ಇದೇ.

ಇಲ್ಲಿಗೆ ಅಣಕ ಮುಗಿಯಿತು. ಈ ಕೊನೆಯ ಮಾತು ಮಾತ್ರ ನೆಟ್ಟಗೆ ಕೇಳಿ. ಐಸೋಸಯನೇಟಿನ ಆವಿ ಉಬ್ಬಸ ತರಬಹುದು. ಒಮ್ಮೆ ಮೈಗೆ ಒಗ್ಗದಾಯಿತೆಂದರೆ ಆಮೇಲೆ ಸ್ವಲ್ಪ ಸೋಕಿದರೂ ತೊಂದರೆ. ಕಿಟಕಿ ತೆರೆದು, ಕೈಗವಸು ಹಾಕಿಕೊಂಡು ಕಲಸಿ. ರೆಸಿನ್ ಭಾಗವನ್ನು ಒಣಗಿದ್ದಾಗ ಉಜ್ಜಬೇಡಿ. ವಾಟರ್ ಪೇಪರ್ ಒದ್ದೆ ಮಾಡಿಕೊಂಡು, ಮಾಸ್ಕ್ ಹಾಕಿಕೊಂಡು ಉಜ್ಜಿ. ಕಲಸಿದ ಲೋಟ, ಚಮಚ ಮತ್ತೆ ಅಡುಗೆಮನೆಗೆ ಹೋಗಕೂಡದು. ಕಿಟ್ಟಿನ ಮಾಮೂಲಿ ಅಂಟು ರೆಸಿನ್‌ಗೆ ಹಿಡಿಯುವುದಿಲ್ಲ; ಸೀಟು ಕೂರಿಸಲು ಫೆವಿಕ್ವಿಕ್ ಥರದ ಅಂಟು ಬೇಕು.